ಮರುಕ ಯಾರ ಮೇಲೆ?

ಅಮ್ಮನಿಗೆ ಮಂಡಿ ಬದಲಿಸುವ ಆಪರೇಷನ್ ಆಗಿ ಅಂದು ಹನ್ನೆರಡನೇ ದಿನ. ಮಂಚದ ಅಂಚಿಗೆ ಕೂರಿಸಿ, ಹಿಮ್ಮಡಿ ಹಿಡಿದು ಮೆಲ್ಲಗೆ ಹಿಂದಕ್ಕೆ ತಳ್ಳಿ ಮಂಡಿ ಮಡಿಸುವುದು ನನ್ನ ಕೆಲಸ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಸಲ. ಏಳನೆಯದಕ್ಕೆ ಅಮ್ಮ ಕಣ್ತುಂಬಿಕೊಂಡು, "ಸಾಕು ಬಿಡೇ, ನಿನ್ನ ದಮ್ಮಯ್ಯ" ಅಂದಳು. ಪಕ್ಕದಲ್ಲಿದ್ದ ಚಿಕ್ಕಮ್ಮ, "ಪಾಪ, ಎಷ್ಟು ಹಿಂಸೆ ಕೊಡ್ತೀಯೇ, ಮಲಗಲಿ ಬಿಡು" ಅಂದಳು. ಬಿಟ್ಟೆ. ಮರುದಿನವೂ ಬಿಟ್ಟೆ. ಮೂರನೇ ದಿನ ಬಂದ ಫಿಸಿಯೋಥೆರಪಿಸ್ಟ್, "ವ್ಯಾಯಾಮ ನಡೀತಿದೆಯಾ?" ಎಂದರು. "ಹ್ಞೂಂ" ಅಂದೆ. ಅಮ್ಮನ ಮಂಡಿ ಮಾತ್ರ ಸುಳ್ಳು ಹೇಳಲಿಲ್ಲ.

ಆ ರಾತ್ರಿ ಸುಳ್ಳಿಗಿಂತ ಹೆಚ್ಚಾಗಿ ಕಾಡಿದ್ದು ನನ್ನ ಮರುಕ. ಅದು ಯಾರ ಮೇಲಿನದು? ಅಮ್ಮನಿಗೆ ನೋವು ತಪ್ಪಲಿ ಎಂದು ನಿಲ್ಲಿಸಿದೆನೋ, ಆ ನೋವನ್ನು ನೋಡುವುದು ನನಗೆ ತಪ್ಪಲಿ ಎಂದೋ? ಆಪರೇಷನ್ ಆದ ಮೊದಲ ವಾರಗಳಲ್ಲಿ ಕೀಲಿನ ಸುತ್ತ ಗಾಯ ಮಾಯುತ್ತಾ ಹೊಸ ಅಂಗಾಂಶ ಬೆಳೆಯುತ್ತಿರುತ್ತದೆ. ಆಗ ಮಡಿಸದೆ ಬಿಟ್ಟ ಮಂಡಿ ಬಿಗಿದುಕೊಳ್ಳುತ್ತದೆ. ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು ಅದು ಸುಮಾರು 90 ಡಿಗ್ರಿಯಾದರೂ ಮಡಿಯಬೇಕು. ನಾನು ಉಳಿಸಿದ ಹತ್ತು ನಿಮಿಷದ ನೋವನ್ನು ಅವಳು ಮುಂದೆ ಬಡ್ಡಿ ಸಮೇತ ತೀರಿಸಬೇಕಾಗುತ್ತಿತ್ತು.

ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ಚಿಕ್ಕಮ್ಮನೊಬ್ಬಳದಲ್ಲ. ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರ ಪುಸ್ತಕದಲ್ಲಿ, ಆಟದಲ್ಲಿ ಪೆಟ್ಟಾದವರಿಗೆ ವಿಶ್ರಾಂತಿ, ಐಸು, ಬಿಗಿಪಟ್ಟಿ, ಪೆಟ್ಟಾದ ಅಂಗವನ್ನು ಎತ್ತರದಲ್ಲಿಡುವುದು ಎಂಬ ನಾಲ್ಕು ಸೂತ್ರ ಹೇಳಿದರು. ಅದು 'ರೈಸ್' ಎಂದು ಲೋಕವೆಲ್ಲ ಹಬ್ಬಿತು. ದಶಕಗಳ ನಂತರ ಅವರೇ, ಐಸೂ ಸಂಪೂರ್ಣ ವಿಶ್ರಾಂತಿಯೂ ಗಾಯ ಮಾಯುವುದನ್ನು ತಡಮಾಡಬಹುದು ಎಂದು ತಮ್ಮ ಮಾತನ್ನು ತಿದ್ದಿಕೊಂಡರು. ತಮ್ಮದೇ ಹೆಸರಿಗೆ ಅಂಟಿದ ಮಾತನ್ನು ಹಿಂತೆಗೆದುಕೊಳ್ಳಲು ಬೇಕಾದ ಪ್ರಾಮಾಣಿಕತೆ ನನ್ನ 'ಹ್ಞೂಂ'ನಲ್ಲಿ ಇರಲಿಲ್ಲ.

ಹಾಗಾದರೆ ಅತ್ತರೂ ಬಿಡದೆ ಮಡಿಸುವುದೇ ಪ್ರೀತಿಯೇ? ಅದನ್ನೂ ಒಪ್ಪಲಾರೆ. ನೋಯುವ ಮೈ ಅವಳದು. ಒಳ್ಳೆಯದಕ್ಕೇ ಎಂದುಕೊಂಡು ಅದರ ಮೇಲೆ ನಾನು ಯಜಮಾನಿಕೆ ನಡೆಸಿದರೆ, ಅದು ಮರುಕಕ್ಕಿಂತ ದೊಡ್ಡ ತಪ್ಪು. ವಾಗ್ಭಟನ ಅಷ್ಟಾಂಗಹೃದಯ ಬಲವುಳ್ಳವರಿಗೂ ಅರ್ಧಶಕ್ತಿಯಷ್ಟೇ ವ್ಯಾಯಾಮ ಹೇಳುತ್ತದೆ. ಆ ಅರ್ಧ ಎಲ್ಲಿಗೆ ಬಂತೆಂದು ಒಳಗಿನಿಂದ ತಿಳಿಯುವುದು ಮಾಡುವವರಿಗೆ, ಮಾಡಿಸುವವರಿಗಲ್ಲ.

ಬೆಳಿಗ್ಗೆ ಫಿಸಿಯೋಗೆ ಫೋನ್ ಮಾಡಿ ನಿಜ ಹೇಳಿದೆ. ಅವರು ಬೈಯಲಿಲ್ಲ. "ಎಣಿಕೆ ಅಮ್ಮನಿಗೇ ಬಿಡಿ, ದಿನ ಮಾತ್ರ ತಪ್ಪಿಸಬೇಡಿ" ಎಂದರು.

ಈಗ ಹಿಮ್ಮಡಿ ಹಿಡಿಯುವವಳು ನಾನು, ಎಣಿಸುವವಳು ಅಮ್ಮ. ಮೊದಲ ದಿನ ಐದಕ್ಕೇ ನಿಲ್ಲಿಸಿದಳು. 'ಆರು' ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ನಿನ್ನೆ ಎಂಟರವರೆಗೆ ಬಂದು, ಹಲ್ಲು ಕಚ್ಚಿ, "ಒಂಬತ್ತು" ಅಂದಳು. ಚಿಕ್ಕಮ್ಮ ನೋಡಲಾರದೆ ಅಡುಗೆಮನೆಗೆ ಎದ್ದು ಹೋದಳು. ನಾನು ಕೂತೇ ಇದ್ದೆ.