ಹಸಿಮರಕ್ಕೆ ಕತ್ತಿ ಹಾಕುವುದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಅಡಿಕೆ ತೋಟವನ್ನು ಸಾಕುವುದು ಅದರ ಮಗ್ಗುಲಿನ ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದ ಅರಣ್ಯ ವ್ಯವಸ್ಥೆಯಲ್ಲಿ 1 ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟ ಬಿಟ್ಟುಕೊಟ್ಟದ್ದು ಈ ನಂಟನ್ನು ಕಂಡೇ. ಮತ್ತಿ, ಹೊನ್ನೆ, ನಂದಿ, ಕಿಂದಳ ಮರಗಳಿಂದ ಕಡಿದು ತಂದ ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಾಗುತ್ತದೆ. ಸಗಣಿ ಗಂಜಳ ಕುಡಿದು, ಗುಂಡಿಯಲ್ಲಿ ಕೊಳೆತು, ಕೊನೆಗೆ ಅಡಿಕೆಯ ಬುಡ ಸೇರುತ್ತದೆ. ತುಂಡು ತೋಟದ ಒಕ್ಕಲಿನ ಅನ್ನವೂ ಹೀಗೆ ಬದುಕಿರುವ ಮರದ ಗಾಯದಿಂದಲೇ ಬರುತ್ತದೆ. ಆ ಗಾಯ ಹಿಂಸೆಯೇ? ಹಿಂಸೆಯಾದರೆ ಅದರ ಹೊಣೆ ಯಾರದು?

ಮರಕ್ಕೆ ನೋವೇ ಇಲ್ಲ ಎಂದು ಹೇಳಿ ಈ ಪ್ರಶ್ನೆಯಿಂದ ಪಾರಾಗುವ ದಾರಿಯನ್ನು ಭಾರತದ ಹಳೆಯ ಗ್ರಂಥಗಳು ಸುಲಭಕ್ಕೆ ಕೊಡುವುದಿಲ್ಲ. ಗಿಡಮರಗಳಿಗೆ ಒಳಗೇ ಅಡಗಿದ ಅರಿವು ಇದೆ, ಸುಖದುಃಖಗಳಿವೆ ಎನ್ನುತ್ತದೆ ಮನುಸ್ಮೃತಿ. ಹಣ್ಣು ಕೊಡುವ ಮರವನ್ನು ಕಡಿದವನಿಗೆ ನೂರು ಋಕ್ಕುಗಳ ಜಪವನ್ನು ಪ್ರಾಯಶ್ಚಿತ್ತವಾಗಿ ವಿಧಿಸುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗು ಭರದ್ವಾಜನಿಗೆ, ಮರಗಳು ನೋಡುತ್ತವೆ, ಕೇಳುತ್ತವೆ, ಮೂಸುತ್ತವೆ ಎಂದು ಒಂದೊಂದಕ್ಕೂ ಕಾರಣ ಕೊಟ್ಟು ವಾದಿಸುತ್ತಾನೆ. ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟಬೇಡ, ಅದು ಮಲಗಿರುತ್ತದೆ ಎಂದು ಮಕ್ಕಳಿಗೆ ಹೇಳುವ ಅಜ್ಜಿಯರು ಈ ಗ್ರಂಥಗಳನ್ನು ಓದಿದವರಲ್ಲ. ಆದರೂ ಎರಡು ಮಾತಿನ ಬೇರೂ ಒಂದೇ ನೆಲದಲ್ಲಿದೆ.

ಭಿನ್ನಾಭಿಪ್ರಾಯ ಹುಟ್ಟುವುದು ಜೀವ ಇದೆಯೇ ಎಂಬಲ್ಲಿ ಅಲ್ಲ, ಮರದ ಯಾವ ಭಾಗದಲ್ಲಿ ಹೇಗೆ ಇದೆ ಎಂಬಲ್ಲಿ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಮಗ ಶ್ವೇತಕೇತುವಿಗೆ ಒಂದು ದೊಡ್ಡ ಮರವನ್ನು ಉದಾಹರಣೆಯಾಗಿ ಕೊಡುತ್ತಾನೆ. ಬುಡಕ್ಕಾಗಲಿ ನಡುವಿಗಾಗಲಿ ತುದಿಗಾಗಲಿ ಹೊಡೆದರೆ ರಸ ಸುರಿಯುತ್ತದೆ, ಮರ ಬದುಕಿಯೇ ಇರುತ್ತದೆ. ಜೀವ ಒಂದು ಕೊಂಬೆಯನ್ನು ಬಿಟ್ಟರೆ ಆ ಕೊಂಬೆ ಒಣಗುತ್ತದೆ, ಇಡೀ ಮರವನ್ನು ಬಿಟ್ಟರೆ ಇಡೀ ಮರ. ಈ ಲೆಕ್ಕದಲ್ಲಿ ಕೊಂಬೆ ಕಡಿದವನು ಮರವನ್ನು ನೋಯಿಸಿದ್ದಾನೆ, ಕೊಂದಿಲ್ಲ. ಜೈನರ ಜೀವವಿಚಾರ ಇನ್ನೂ ಬಿಗಿಯಾದದ್ದು. ಸಸ್ಯಗಳು ಸ್ಪರ್ಶವೊಂದೇ ಇಂದ್ರಿಯವಾಗಿರುವ ಏಕೇಂದ್ರಿಯ ಜೀವಿಗಳು. ಬೇರು, ಕಾಂಡ, ಎಲೆ, ಹೂವು, ಬೀಜಗಳಲ್ಲಿ ಬೇರೆಬೇರೆ ಜೀವಗಳಿವೆ. ಅಲ್ಲಿ ಒಂದು ಹೊರೆ ಸೊಪ್ಪು ಎಂದರೆ ಸಾವಿರಾರು ಜೀವಗಳ ಹೊರೆ.

ಇಷ್ಟು ಕಟ್ಟುನಿಟ್ಟಾದ ಮತ ಬೇಸಾಯಗಾರನಿಗೆ ಬಾಗಿಲು ಮುಚ್ಚಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಬೆಳಗಾವಿ ಸೀಮೆಯಲ್ಲಿ ತಲೆತಲಾಂತರದಿಂದ ಹೊಲ ಉಳುವ ಜೈನ ಮನೆತನಗಳಿವೆ. ಏಕೇಂದ್ರಿಯ ಹಿಂಸೆಯನ್ನು ಪೂರ್ತಿ ಬಿಡುವುದು ಮುನಿಗಳ ವ್ರತ. ಗೃಹಸ್ಥನಿಗೆ ಹೇಳಿದ್ದು ಬೇಕಾದಷ್ಟಕ್ಕೇ ನಿಲ್ಲಿಸು ಎಂದು. ಗುರಿಯಿಲ್ಲದೆ ನೆಲ ಅಗೆಯುವುದು, ಸುಮ್ಮನೆ ಗಿಡ ಮುರಿಯುವುದು ಅನರ್ಥದಂಡವೆಂಬ ದೋಷವಾಗುತ್ತದೆ. ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲೆ ಇದರ ಚಿತ್ರವೇ ಇದೆ: ಒಂದು ಹಣ್ಣಿನ ಮರ, ಹಸಿದ ಆರು ಜನ. ಒಬ್ಬ ಬುಡಕ್ಕೇ ಕೊಡಲಿ ಇಡುತ್ತಾನೆ. ಮುಂದಿನವರು ದೊಡ್ಡ ಕೊಂಬೆ, ಸಣ್ಣ ರೆಂಬೆ, ಗೊಂಚಲು, ಹಣ್ಣು ಎಂದು ಇಳಿಯುತ್ತ ಹೋಗುತ್ತಾರೆ. ಆರನೆಯವನು ನೆಲಕ್ಕೆ ಬಿದ್ದ ಹಣ್ಣನ್ನು ಆಯ್ದುಕೊಳ್ಳುತ್ತಾನೆ. ಹಸಿವು ಆರು ಮಂದಿಗೂ ಒಂದೇ. ಕಪ್ಪಿನಿಂದ ಬಿಳಿಯವರೆಗಿನ ಲೇಶ್ಯೆಗಳು, ಅಂದರೆ ಮನಸ್ಸಿನ ಬಣ್ಣಗಳು, ತೀರ್ಮಾನವಾಗುವುದು ಆ ಹಸಿವಿಗೆ ಎಷ್ಟು ಮರ ಬೇಕೆಂದು ಅವರು ಭಾವಿಸಿದರು ಎಂಬುದರಿಂದ.

ಹೊಣೆಯ ಪ್ರಶ್ನೆಗೂ ಜೈನರ ಉತ್ತರವೇ ಹೆಚ್ಚು ನೇರ. ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು, ಕೃತ, ಕಾರಿತ, ಅನುಮೋದಿತ, ಮೂರೂ ಕರ್ಮವೇ. ಮಲೆನಾಡಿನಲ್ಲಿ ಬೆಟ್ಟದ ಒಡೆಯ ಬಹುಪಾಲು ನೆಲದ ಮೇಲೆಯೇ ಇರುತ್ತಾನೆ. ಮರ ಹತ್ತುವವನು ಕೂಲಿಯಾಳು. ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು, ಪಾಚಿಗಟ್ಟಿದ ತೊಗಟೆಗೆ ಬರಿಗಾಲು ಊರಿ ಏರುವ ಅವನು ತನ್ನ ಜೀವವನ್ನೂ ಅದೇ ಕೊಂಬೆಯ ಮೇಲೆ ಇಟ್ಟಿರುತ್ತಾನೆ. ಅಡಿಕೆಯ ಕೊನೆ ಇಳಿಸುವ ಕೊನೆಗೌಡನ ಪಾಡೂ ಇದೇ. ಹೊಡೆತ ಹಾಕಿದ ಕೈಗೆ ಪಾಪವನ್ನು ಅಂಟಿಸಿ, ಸೊಪ್ಪನ್ನು ಮಾತ್ರ ತನ್ನ ಕೊಟ್ಟಿಗೆಗೆ ತುಂಬಿಸಿಕೊಳ್ಳುವುದು ಈ ಧರ್ಮಶಾಸ್ತ್ರದಲ್ಲಿ ಸಾಧ್ಯವಿಲ್ಲ. ಬಿದ್ದು ಸೊಂಟ ಮುರಿದುಕೊಂಡವನ ನೋವನ್ನು ಮರದ ನೋವಿನ ಚರ್ಚೆಯಿಂದ ಹೊರಗಿಡುವುದೂ ನ್ಯಾಯವಲ್ಲ.

ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕಡಿಯುವವನೂ ವೈದ್ಯನೂ ಒಟ್ಟಿಗೇ ಸಿಗುತ್ತಾರೆ. ದೇವರ ಪ್ರತಿಮೆಗಾಗಿ ಮರ ಕಡಿಯುವ ಹಿಂದಿನ ರಾತ್ರಿ ಅದನ್ನು ಪೂಜಿಸಿ, ಅಲ್ಲಿ ನೆಲೆಸಿದ ಭೂತಗಳು ಬಲಿ ಸ್ವೀಕರಿಸಿ ಬೇರೆಡೆಗೆ ಹೋಗಲೆಂದು ಬೇಡಿಕೊಳ್ಳಬೇಕು. ಬೆಳಿಗ್ಗೆ ಜೇನು ಮತ್ತು ತುಪ್ಪ ಸವರಿದ ಕೊಡಲಿಯಿಂದ ಈಶಾನ್ಯದಲ್ಲಿ ಮೊದಲ ಏಟು ಹಾಕಬೇಕು. ಅದೇ ಗ್ರಂಥದ ವೃಕ್ಷಾಯುರ್ವೇದದ ಅಧ್ಯಾಯ, ರೋಗ ಬಂದ ಮರದ ಕೆಟ್ಟ ಭಾಗವನ್ನು ಶಸ್ತ್ರದಿಂದ ಶುದ್ಧ ಮಾಡಿ, ವಾಯುವಿಳಂಗ, ತುಪ್ಪ, ಕೆಸರು ಬಳಿದು, ಹಾಲು ಬೆರೆಸಿದ ನೀರು ಹಾಕಲು ಹೇಳುತ್ತದೆ. ಶಸ್ತ್ರದಿಂದಲೂ ಚಿಕಿತ್ಸೆ ಆಗಬಹುದು ಎಂಬ ಒಪ್ಪಿಗೆ ಇಲ್ಲಿದೆ.

ಲೇಪದ ವಿಷಯದಲ್ಲಿ ಇಂದಿನ ವಿಜ್ಞಾನಕ್ಕೆ ಅಂಥ ನಂಬಿಕೆಯಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶಿಗೊ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ 1970ರ ದಶಕದಲ್ಲಿ ತೋರಿಸಿದ್ದು ಇದು: ಪ್ರಾಣಿಯ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಮರ ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿಕೊಂಡು, ಅದರ ಹೊರಗೆ ಹೊಸ ಮರವಾಗಿ ಬೆಳೆಯುತ್ತದೆ. ಒಂದು ಏಟಿನ ಗುರುತೂ ಒಳಗಿನಿಂದ ಅಳಿಸುವುದಿಲ್ಲ. ಆದ್ದರಿಂದ ಎಲ್ಲಿ ಕಡಿಯುವುದು ಎಂಬುದೇ ಮುಖ್ಯ. ಕೊಂಬೆ ಕಾಂಡಕ್ಕೆ ಕೂಡುವಲ್ಲಿ ಉಬ್ಬಿದ ಕೊರಳಿನಂಥ ಭಾಗವಿದೆ. ಅದನ್ನು ಕೆತ್ತದೆ, ಅದರ ಹೊರಗೆ ಕಡಿದರೆ ಮರ ಬಾಯಿ ಮುಚ್ಚಿಕೊಳ್ಳಬಲ್ಲದು. ಅಡಿಯಿಂದ ಮೊದಲು ಒಂದು ಏಟು ಹಾಕದಿದ್ದರೆ ಬೀಳುವ ಕೊಂಬೆ ತನ್ನ ಜೊತೆಗೆ ಕಾಂಡದ ತೊಗಟೆಯನ್ನೂ ಸಿಗಿದುಕೊಂಡು ಹೋಗುತ್ತದೆ.

ಪಳಗಿದ ಸೊಪ್ಪಿನಾಳು ತುದಿಯ ಕುಡಿಗೆ ಕತ್ತಿ ತಾಗಿಸುವುದಿಲ್ಲ. ನೆತ್ತಿಯ ಚಂಡೆಯನ್ನು ಉಳಿಸಿ ಪಕ್ಕದ ರೆಂಬೆಗಳನ್ನಷ್ಟೇ ಸವರುತ್ತ ಇಳಿಯುತ್ತಾನೆ; ಈ ಬಾರಿ ಕಡಿದ ಮರಕ್ಕೆ ಮತ್ತೆ ಚಿಗುರಲು ಬಿಡುವು ಕೊಡುತ್ತಾನೆ. ಕುಡಿಯನ್ನೂ ಬಿಡದೆ ಬೋಳಿಸಿದ ಬೆಟ್ಟಗಳೂ ಇವೆ. ಅಲ್ಲಿ ಮತ್ತಿಯ ಮರಗಳು ಗಂಟುಗಂಟಾದ ಕಂಬಗಳಂತೆ ನಿಂತಿವೆ, ಕೆಳಗೆ ಹೊಸ ಸಸಿ ಕಾಣುವುದು ಅಪರೂಪ. ಒಡೆಯನ ಅವಸರವೂ ದಿನಕ್ಕೆ ಇಷ್ಟು ಹೊರೆ ಎಂಬ ಲೆಕ್ಕವೂ ಆ ಬೋಳಿನಲ್ಲಿ ಪಾಲುದಾರರು.

ಕತ್ತಿಯೇ ಹೋಗದ ಜಾಗವನ್ನೂ ಮಲೆನಾಡಿನ ಜನ ಉಳಿಸಿಕೊಂಡರು. ಕೊಡಗಿನಲ್ಲಿ 1,214 ದೇವರಕಾಡುಗಳಿವೆ, ಒಟ್ಟು ಸುಮಾರು 2,550 ಹೆಕ್ಟೇರು. ಅಲ್ಲಿನ ಮರ ಅಯ್ಯಪ್ಪನದೋ ಭಗವತಿಯದೋ ಆಗಿರುತ್ತದೆ. ಕಟ್ಟು ಬಿಗಿಯಾಗಿರುವಲ್ಲಿ ಬಿದ್ದ ಕೊಂಬೆಯನ್ನೂ ಒಲೆಗೆ ಒಯ್ಯುವಂತಿಲ್ಲ.