ಅಳಿಸಿದ್ದನ್ನು ಎತ್ತಿಕೊಡಬೇಕಾ?

ಡಿಲೀಟ್ ಒತ್ತಿದ ಕೂಡಲೇ ಫೈಲ್ ಸಾಯುವುದಿಲ್ಲ. ಸಾಮಾನ್ಯವಾಗಿ ಹಾರ್ಡ್ ಡಿಸ್ಕಿನಲ್ಲಿ ಅದರ ವಿಳಾಸ ಮಾತ್ರ ಅಳಿಯುತ್ತೆ. ಆ ಜಾಗಕ್ಕೆ ಬೇರೆ ಏನಾದರೂ ಬಂದು ಕೂರುವವರೆಗೂ ಒಳಗಿನದ್ದು ಹಾಗೇ ಇರುತ್ತೆ. ಮನೆಯ ವೈಫೈಗೆ ಜೋಡಿಸುವ ಬ್ಯಾಕಪ್ ಡ್ರೈವ್, ಅಂದರೆ ನ್ಯಾಸ್, ಇನ್ನೂ ಜೋರು. ಸ್ನ್ಯಾಪ್‌ಶಾಟ್ ಆನ್ ಮಾಡಿಟ್ಟಿದ್ದರೆ ಹೋದ ವಾರ ಫೋಲ್ಡರ್ ಹೇಗಿತ್ತೋ ಹಾಗೇ ತೆರೆದು ತೋರಿಸುತ್ತೆ. ಎತ್ತಿಕೊಡೋದು ಸುಲಭ. ಎತ್ತಿಕೊಡಬೇಕಾ ಅನ್ನೋದು ಕಷ್ಟ.

ಮುಳಬಾಗಿಲು ತಾಲ್ಲೂಕಿನ ನಮ್ಮ ಹಳ್ಳಿ ಮನೆಯಲ್ಲಿ ಅಂಥದ್ದೊಂದು ಡ್ರೈವ್ ಇದೆ. ಎಲ್ಲರ ಫೋಟೋಗಳೂ ಅದರಲ್ಲೇ. ವಿಚ್ಛೇದನ ಆದಮೇಲೆ ಅಕ್ಕ ತನ್ನ ಮದುವೆಯ ಫೋಲ್ಡರ್ ಪೂರ್ತಿ ಅಳಿಸಿದಳು. ಎರಡು ವಾರ ಕಳೆದು ಅಮ್ಮನ ಫೋನ್ ಬಂತು: “ಅದರಲ್ಲಿ ನಿಮ್ಮಪ್ಪ ಪೇಟ ಕಟ್ಕೊಂಡು ನಗ್ತಿರೋ ಫೋಟೋ ಇತ್ತಲ್ಲೋ. ಅವಳಿಗೆ ಹೇಳ್ಬೇಡ, ನಂಗೆ ತೆಗೆದುಕೊಡು.” ಅಪ್ಪ ತೀರಿಕೊಂಡದ್ದು ಆ ಮದುವೆಯ ಮರುವರ್ಷ. ಅವರು ಹಾಗೆ ನಕ್ಕ ಇನ್ನೊಂದು ಫೋಟೋ ನಮ್ಮಲ್ಲಿಲ್ಲ. ಸ್ನ್ಯಾಪ್‌ಶಾಟ್ ಉಳಿಯುವುದು 30 ದಿನ. ಇನ್ನು 16 ದಿನ ಬಾಕಿ ಇತ್ತು.

ಇಂಥ ಪ್ರಶ್ನೆ ಕೋರ್ಟಿಗೂ ಹೋಗಿದೆ. ಹಳೆಯ ಆದೇಶವೊಂದರಲ್ಲಿದ್ದ ತನ್ನ ಮಗಳ ಹೆಸರು ಇಂಟರ್ನೆಟ್‌ನಲ್ಲಿ ಸಿಗಬಾರದು ಎಂದು ತಂದೆಯೊಬ್ಬರು ಕೇಳಿದಾಗ, 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಿತು. ಆದರೆ ಆದೇಶದ ದೃಢೀಕೃತ ಪ್ರತಿಯಲ್ಲಿ ಹೆಸರು ಇರುತ್ತೆ ಎಂದೂ ಹೇಳಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ‘ನನ್ನ ಮಾಹಿತಿ ಅಳಿಸಿ’ ಎಂದು ಕೇಳುವ ಹಕ್ಕು ಕೊಡುತ್ತೆ. ಆದರೆ ಒಬ್ಬರು ಸ್ವಂತಕ್ಕೆ, ಮನೆ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಅಮ್ಮ–ಅಕ್ಕನ ನಡುವೆ ಆ ಕಾನೂನು ಬರುವುದಿಲ್ಲ. ಅಡ್ಮಿನ್ ಪಾಸ್‌ವರ್ಡ್ ಇರುವವನದ್ದೇ ತೀರ್ಪು. ನನಗೆ ಹೆದರಿಕೆಯಾಗಿದ್ದು ಅದಕ್ಕೇ.

ನಮ್ಮ ಆವಣಿಯ ಕಡೆ ಹಳೇ ಶಾಸನಗಳಿವೆ. ದಾನಶಾಸನಗಳ ಕೊನೆಗೆ, ಈ ದಾನ ಕೆಡಿಸಿದವರಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ಬರಲಿ ಎಂಬಂಥ ಶಾಪ ಇರೋದು ವಾಡಿಕೆ. ಉಳಿಯಲಿ ಅಂತ ಬಯಸಿ, ಖರ್ಚು ಮಾಡಿ, ಕಲ್ಲಲ್ಲಿ ಕೊರೆಸಿದವರು ಅವರು. ನಮಗೆ ಯಾರೂ ಬಯಸದೆಯೇ ಎಲ್ಲವೂ ಉಳಿದುಬಿಡುತ್ತೆ. ಅಳಿಸೋದಕ್ಕೇ ಈಗ ಮನಸ್ಸು ಗಟ್ಟಿ ಮಾಡಬೇಕು.

ಬ್ಯಾಕಪ್ ಇರುವುದು ಕೈತಪ್ಪಿಗೆ. ಅಕ್ಕನದ್ದು ಕೈತಪ್ಪಲ್ಲ, ತೀರ್ಮಾನ. ಅದನ್ನು ಅವಳ ಬೆನ್ನ ಹಿಂದೆ ರದ್ದು ಮಾಡಿದರೆ, ಈ ಮನೆಯಲ್ಲಿ ನಿನ್ನ ತೀರ್ಮಾನಕ್ಕೆ ಬೆಲೆಯಿಲ್ಲ ಎಂದಂತೆ. ಹಾಗಂತ ಅಪ್ಪನ ನಗು ಅವಳೊಬ್ಬಳ ಆಸ್ತಿಯೂ ಅಲ್ಲ. 30 ದಿನ ಮುಗಿಯಲಿ ಅಂತ ಸುಮ್ಮನಿದ್ದರೆ ಅದೂ ಒಂದು ತೀರ್ಪೇ. ನೀವಾಗಿದ್ದರೆ ಏನು ಮಾಡ್ತಿದ್ರಿ?

ನಾನು ಅಕ್ಕನಿಗೆ ಹೇಳಿದೆ. “ಅಂದ್ರೆ ನಾನು ಅಳಿಸಿದ್ದು ಅಳಿಸೇ ಇಲ್ವಾ?” ಅಂದಳು. ಆ ಸಿಟ್ಟು ನ್ಯಾಯವಾದದ್ದು. ಅಮ್ಮನೂ ವಾರಗಟ್ಟಲೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಅಕ್ಕ ನನ್ನ ಪಕ್ಕ ಕೂತು, ಅಪ್ಪ ಇರುವ ನಾಲ್ಕು ಫೋಟೋ ಆರಿಸಿಕೊಟ್ಟಳು. ಪೇಟದ್ದೂ ಅದರಲ್ಲಿತ್ತು. ಆಮೇಲೆ ಆ ಫೋಲ್ಡರ್ ಇದ್ದ ಸ್ನ್ಯಾಪ್‌ಶಾಟ್‌ಗಳನ್ನೆಲ್ಲ ಕಣ್ಣೆದುರೇ ಅಳಿಸಿಸಿದಳು. ಅಪ್ಪ ಧಾರೆ ಎರೆಯುವ ಫೋಟೋ ಕೊಡಲಿಲ್ಲ. ಅಮ್ಮ ಈಗಲೂ ಅದನ್ನು ಕೇಳುತ್ತಾಳೆ. ನನ್ನ ಹತ್ತಿರ ಉತ್ತರವಿಲ್ಲ.

ನಿಮ್ಮನೆಯಲ್ಲೂ ಪಾಸ್‌ವರ್ಡ್ ಬಹುಶಃ ನಿಮ್ಮ ಹತ್ತಿರವೇ ಇರುತ್ತೆ. ಅಳಿಸಿದ್ದು ಇನ್ನೂ ಇದೆ ಅನ್ನೋ ಸಂಗತಿ, ಅಳಿಸಿದವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗಬೇಕು. ಎತ್ತಿಕೊಡುವ ಮಾತು ಆಮೇಲೆ.