ದಾದಿಯ ಅಧಿಕಾರವೂ ಅದರ ಮೇರೆಯೂ

ವೈದ್ಯರಿಲ್ಲದ ಊರಲ್ಲಿ ರೋಗಿಯನ್ನು ಪರೀಕ್ಷಿಸಿ ಔಷಧ ಕೊಡುವ ದಾದಿಯು ವೈದ್ಯರ ಕೆಲಸವನ್ನು ಎಷ್ಟರ ಮಟ್ಟಿಗೆ ಮಾಡಬಹುದು? ಇದು ಕಾಯಿದೆಯ ಪ್ರಶ್ನೆ ಮಾತ್ರವಲ್ಲ, ನೀತಿಯ ಪ್ರಶ್ನೆಯೂ ಆಗಿರುವದು.

1965ರಲ್ಲಿ ಅಮೇರಿಕದ ಕೊಲರಾಡೋದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ವೈದ್ಯರೂ ದಾದಿಯರಿಗೆ ಇಂಥ ಶಿಕ್ಷಣವನ್ನು ಆರಂಭಿಸಿದರು. ನಮ್ಮ ದೇಶದಲ್ಲಿ 2018ರಲ್ಲಿ ಹೊರಟ ಆಯುಷ್ಮಾನ್ ಭಾರತ ಯೋಜನೆಯಿಂದ ಆರೋಗ್ಯ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. ಅವರಲ್ಲಿ ಬಹುಜನರು ಶುಶ್ರೂಷಾವಿದ್ಯೆಯನ್ನು ಕಲಿತವರೇ. ಅವರು ರಕ್ತದೊತ್ತಡವನ್ನೂ ಸಕ್ಕರೆ ರೋಗವನ್ನೂ ಪರೀಕ್ಷಿಸುವರು, ವೈದ್ಯರು ಬರೆದ ಔಷಧವನ್ನು ತಪ್ಪದೆ ಒದಗಿಸುವರು, ತಮ್ಮ ಕೈಮೀರಿದವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವರು.

ಹೀಗೆ ಕಳುಹಿಸುವದನ್ನು ಕೆಲವರು ಅಸಾಮರ್ಥ್ಯವೆಂದು ಎಣಿಸುತ್ತಾರೆ. ಐನಾಪುರದ ರೈತನೊಬ್ಬನು ಎದೆನೋವೆಂದು ಬಂದು, "ಅಕ್ಕಾರ, ಒಂದು ಸೂಜಿ ಮಾಡಿ ಕಳಿಸ್ರಿ, ಹೊಲಕ್ಕ ಹೋಗಬೇಕು" ಎಂದನೆನ್ನೋಣ. ಬೇಡಿದ್ದನ್ನು ಕೊಟ್ಟು ಹೆಸರುಗೊಳ್ಳುವದು ಸುಲಭ. ಆದರೆ ನೋವು ಅಡಗಿದರೂ ಹೃದಯದ ರೋಗವು ಅಡಗಲಾರದು. ಆದದರಿಂದ ತನ್ನ ವಿದ್ಯೆಯ ಮೇರೆಯನ್ನು ಅರಿಯುವದು ವಿದ್ಯೆಯ ಕೊರತೆಯಲ್ಲ, ಅದರ ಪರಿಪಕ್ವತೆಯೇ. ಹಾಗೆಂದು ಚೀಟಿ ಬರೆದು ಕೈ ತೊಳೆದುಕೊಳ್ಳುವದೂ ಸಲ್ಲದು. 108 ವಾಹನವನ್ನು ಕರೆಸಿ, ಮನೆಯವರಿಗೆ ಕಾರಣವನ್ನು ತಿಳಿಸಿ, ಅವನು ಅಥಣಿಯಿಂದಲೋ ಮಿರಜಿನಿಂದಲೋ ತಿರುಗಿ ಬಂದ ಮೇಲೆ ಅವನ ಕ್ಷೇಮವನ್ನು ವಿಚಾರಿಸತಕ್ಕದ್ದು.

ನಮಗೂ ಹೊಣೆಯುಂಟು. ಒಲ್ಲೆನೆಂದ ದಾದಿಯನ್ನು ಬಿಟ್ಟು, ಕೇಳಿದ ಸೂಜಿಯನ್ನು ಹಾಕುವವನ ಬಳಿಗೆ ನಾವು ಓಡಿದರೆ, ಅವಳು ಸತ್ಯವನ್ನು ಹೇಳಿದ್ದಕ್ಕೆ ನಾವೇ ದಂಡ ಹಾಕಿದಂತಾಗುವದು.